ರೇಸಿನಲ್ಲಿ ನಾನು ಒದ್ದ ಚಾಲಕ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಅಲ್ಲಿನ ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಮಲಯಾಳಿ ಮೆಕ್ಯಾನಿಕ್ ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ನನಗೆ ಕಾರ್ ರೇಸಿನ ಹುಚ್ಚು ಹತ್ತಿಸಿದವರು ಅವರೇ. ಕಾಫಿ ಪಿಕಿಂಗ್ ಮುಗಿದ ವಾರ ಇಬ್ಬರೂ ಬಸ್ಸು, ರೈಲು ಹಿಡಿದು ಮದರಾಸಿಗೆ ಹೋದೆವು.

ಊರಾಚೆಯ ಹಳೇ ರನ್‌ವೇ ಮೇಲೆ ರೇಸು. ಶನಿವಾರ ಪ್ರಾಕ್ಟೀಸು. ಮಡ್‌ಗಾರ್ಡ್ ಇಲ್ಲದೆ ನಾಲ್ಕೂ ಚಕ್ರ ಹೊರಗೆ ಚಾಚಿದ ಫಾರ್ಮುಲಾ ಕಾರುಗಳು ಹಾದುಹೋದಾಗ ಸದ್ದಿಗೆ ನನ್ನ ಹಲ್ಲು ಅದುರುತ್ತಿತ್ತು. ನೀಲಿ ಕಾರಿನ ಚಾಲಕ, ಇನ್ನೂ ಮೀಸೆ ಸರಿಯಾಗಿ ಬಾರದವನು, ಸಂಜೆ ನಮ್ಮ ಎದುರೇ ಹೆಲ್ಮೆಟ್ ತೆಗೆದು ನಕ್ಕಿದ್ದ.

ಭಾನುವಾರ ಜನವೋ ಜನ. ತಡೆಗೆಂದು ಇದ್ದದ್ದು ಗೂಟಗಳಿಗೆ ಕಟ್ಟಿದ ಒಂದು ಹಗ್ಗ. ಹಿಂದಿನವರ ನೂಕಾಟಕ್ಕೆ ಮುಂದಿನವರು ಅದನ್ನೂ ದಾಟಿ ನಿಂತಿದ್ದರು. ಮೂರನೇ ಸುತ್ತಿನಲ್ಲಿ ಯಾರೋ ಒಬ್ಬ ಅಡ್ಡ ಓಡಿದ. ಅವನನ್ನು ತಪ್ಪಿಸಲು ಹೋದ ನೀಲಿ ಕಾರು ಗಿರ್ರನೆ ತಿರುಗಿ, ನಮ್ಮಿಂದ ನಾಲ್ಕು ಮಾರು ಆಚೆ ಗುಂಪಿಗೆ ನುಗ್ಗಿತು. ಮನುಷ್ಯರು ಮೇಲಕ್ಕೆ ಹಾರಿದ್ದನ್ನು ಕಂಡೆ. ಒಬ್ಬ ಹೆಂಗಸು ನನ್ನ ಕಾಲ ಬಳಿ ಬಂದು ಬಿದ್ದಳು. ತೊಡೆ ಸೀಳಿ ಮೂಳೆ ಹೊರಗೆ ಬಂದಿತ್ತು.

ಜನ ಚಾಲಕನನ್ನು ಕಾರಿನಿಂದ ಎಳೆದು ನೆಲಕ್ಕೆ ಕೆಡವಿದರು. ಕಲ್ಲು, ಚಪ್ಪಲಿ, ಕಿತ್ತ ಗೂಟ, ಕೈಗೆ ಸಿಕ್ಕಿದ್ದರಲ್ಲೆಲ್ಲ ಬಡಿದರು. ನಾನೂ ನುಗ್ಗಿದೆ. ಅವನ ಪಕ್ಕೆಗೆ ಎರಡು ಸಲ ಒದ್ದೆ. ಮೂರನೇ ಒದೆ ಬಿದ್ದದ್ದು ಮೆಕ್ಯಾನಿಕ್ ಬೆನ್ನಿಗೆ. ಅವರು ಆ ಹುಡುಗನ ಮೇಲೆ ಬೋರಲು ಬಿದ್ದು ತಲೆ ಅಪ್ಪಿಕೊಂಡಿದ್ದರು. ಕತ್ತು ತಿರುಗಿಸಿ ನನ್ನನ್ನು ನೋಡಿದರು. ಪೊಲೀಸರ ಲಾಠಿ ಬೀಳತೊಡಗಿದ ಮೇಲೆ ಗುಂಪು ಚೆದುರಿತು. ಹುಡುಗ ಬದುಕಿದನೆಂದು ಆಮೇಲೆ ಪೇಪರಿನಲ್ಲಿ ಓದಿದೆ. ಆ ಹೆಂಗಸು ಉಳಿಯಲಿಲ್ಲ.

ವಾಪಸು ಬಂದ ಮೇಲೆ ಸಿದ್ದಾಪುರದ ಹೋಟೆಲಿನಲ್ಲಿ ಎಲ್ಲರೂ ಸುತ್ತ ಕೂತು ಕೇಳಿದರು. “ನಾವಿಬ್ಬರೂ ಸೇರಿ ಡ್ರೈವರನ್ನ ಉಳಿಸಿದ್ವಿ,” ಅಂದುಬಿಟ್ಟೆ. ಮೆಕ್ಯಾನಿಕ್ ಚಹಾ ಮುಗಿಸಿ ಎದ್ದರು. ಹೊರಗೆ ಬಂದ ಮೇಲೆ ಹೇಳಿದರು, “ನಂಗೆ ಒದ್ದದ್ದು ಬಿಡಿ ರೈಟ್ರೇ. ಅಡ್ಡ ಬಂದ ಒಬ್ಬನ್ನ ಉಳಿಸೋಕೆ ಹೋಗಿ ಆ ಹುಡುಗ ಗುಂಪಿಗೆ ನುಗ್ಗಿದ್ದು. ನೀವು ನೋಡಿದ್ದೀರಿ ಅಲ್ವಾ?”

“ನೋಡಿದ್ದೆ,” ಅಂದೆ.

ಮರುದಿನ ಅದೇ ಹೋಟೆಲಿಗೆ ಹೋಗಿ, ನಾನೂ ಅವನಿಗೆ ಒದ್ದೆ ಎಂದು ಹೇಳಿದೆ. “ನಾವಾಗಿದ್ರೂ ಒದೀತಿದ್ವಿ ಬಿಡಿ,” ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ನಾನು ಚಹಾ ಮುಟ್ಟದೆ ಎದ್ದು ಬಂದೆ.

ಮೆಕ್ಯಾನಿಕ್ ಬಲಗೈ ಮೂರು ತಿಂಗಳು ಹೆಗಲಿಗಿಂತ ಮೇಲೇಳಲಿಲ್ಲ. ನನ್ನ ಒದೆಯಿಂದಲೋ ಬೇರೆಯವರ ಏಟಿನಿಂದಲೋ, ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.