ಕುಡಿಯದವಳು ತುಂಬಿದ ಬಿಯರು

ಹಿಲ್ಡಾ ಗ್ರಿಮ್‌ಶಾ ಹುಟ್ಟಿದಾಗಿನಿಂದ ಮದ್ಯದ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವಳಲ್ಲ. ಬೇಕಪ್ ಊರಿನ ಚಾಪೆಲ್ ಎಂಬ ಪುಟ್ಟ ಚರ್ಚಿನಲ್ಲಿ, ಇನ್ನೂ ಎರಡು ಜಡೆ ಹಾಕುವ ವಯಸ್ಸಿನಲ್ಲಿ, ಕುಡಿಯುವುದಿಲ್ಲವೆಂದು ಓರಗೆಯ ಮಕ್ಕಳ ಜೊತೆ ಆಣೆ ಮಾಡಿದ್ದಳು. ಉಳಿದವರು ಮದುವೆಯಾಗುವಷ್ಟರಲ್ಲಿ ಅದನ್ನು ಮರೆತರು. ಇವಳು ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುವಾಗಲೂ ಮರೆಯಲಿಲ್ಲ, ರೈಲ್ವೆ ಸಿಗ್ನಲ್ ಕೆಲಸದ ವಿಲ್ಫ್‌ನನ್ನು ಕಟ್ಟಿಕೊಂಡ ಮೇಲೂ ಮರೆಯಲಿಲ್ಲ.

ವಿಲ್ಫ್‌ಗೆ ಮನೆಯಲ್ಲೇ ಬಿಯರು ಮಾಡುವ ಹುಚ್ಚು. ಬಿಸಿನೀರಿನ ತೊಟ್ಟಿಯ ಪಕ್ಕದ ಬೆಚ್ಚನೆಯ ಬೀರುವಿನಲ್ಲಿ ಅವನ ಬಕೆಟ್ಟು ಇರಲಿ ಎಂದು ಅವಳು ಒಪ್ಪಿದ್ದಳು. ಆದರೆ ಅದನ್ನು ಮುಟ್ಟು ಎಂದು ತನಗೆ ಯಾವತ್ತೂ ಹೇಳಕೂಡದು.

ಆ ಒಪ್ಪಂದ ಮುರಿದದ್ದು ವಿಲ್ಫ್‌ನ ಸೊಂಟದಿಂದ. ಒಂದು ಶನಿವಾರ ಬೆಳಿಗ್ಗೆ ತುಂಬಿದ ಬಕೆಟ್ಟನ್ನು ಹೇಗೋ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ, ನೆಟ್ಟಗಾಗಲು ಆಗಲಿಲ್ಲ. ಡಾಕ್ಟರು ಬಂದು ಅವನನ್ನು ಮುಂದಿನ ಕೋಣೆಯ ನೆಲದ ಮೇಲೆ ಮಲಗಿಸಿ, ಅಲುಗಾಡಬೇಡ ಎಂದು ಹೇಳಿ ಹೋದರು.

"ಪಕ್ಕದ್ಮನೆ ಆರ್ಥರ್‌ನ ಕರಿ, ಬಾಟ್ಲಿಗೆ ಅವ್ನು ತುಂಬ್ತಾನೆ," ಎಂದ ವಿಲ್ಫ್.

"ಬಾಟ್ಲಿಗಾ? ಹೋದ್ಸಲ ಅರ್ಧ ಹೊಟ್ಟೆಗೇ ತುಂಬ್ಕೊಂಡು, ಇಲ್ಲೇ ಕೂತು ಹಾಡಿದ್ನಲ್ಲ! ಬೇಡವೇ ಬೇಡ."

"ಮತ್ತೆ ಪಾರಿವಾಳ ಹಾರ್ಸೋ ನಮ್ಮ ಕ್ಲಬ್ಬಿನ ಊಟಕ್ಕೆ ಏನ್ ಕೊಡ್ಲಿ? ಇವತ್ತು ತುಂಬ್ದೆ ಇದ್ರೆ ಅಷ್ಟೊತ್ತಿಗೆ ನೊರೆ ಏಳಲ್ಲ, ಚಿನ್ನ."

ಹಿಲ್ಡಾ ಬಕೆಟ್ಟನ್ನೇ ನೋಡುತ್ತ ನಿಂತಳು. ಕುಡಿತ ಬೇರೆ, ಮಾಡಿದ್ದನ್ನು ಚೆಲ್ಲುವುದು ಬೇರೆ. ಏಪ್ರನ್ ಕಟ್ಟಿಕೊಂಡಳು.

"ಮೊದ್ಲು ಆ ಗಾಜಿನ ಕಡ್ಡಿ ತೇಲಿಬಿಡು. ನಿನ್ನೆ ನಾನು ಹಾಕಿದ ಗುರುತಲ್ಲೇ ನಿಂತಿದ್ಯಾ?" ಎಂದು ವಿಲ್ಫ್ ಮಲಗಿದಲ್ಲಿಂದಲೇ ಕೂಗಿದ.

"ಅಲ್ಲೇ ಇದೆ."

"ಹಾಗಾದ್ರೆ ಹುದುಗೋದು ಮುಗ್ದಿದೆ. ಇಲ್ದಿದ್ರೆ ಬಾಟ್ಲಿ ಪಟಾಕಿ ಥರ ಸಿಡಿಯುತ್ತೆ."

ಅವನು ತೊಳೆದಿಟ್ಟಿದ್ದ ಬಾಟಲಿಗಳನ್ನು ಅವಳು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. "ವಿಲ್ಫ್! ಇದ್ರ ತಳದಲ್ಲಿ ಪಾಚಿ ಕಟ್ಟಿದೆ!"

"ರುಚಿ ಬರೋದೇ ಅದ್ರಿಂದ ಕಣೇ."

"ರುಚಿ ಅಂತೆ!" ಎಂದು ಎಲ್ಲವನ್ನೂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಮುಳುಗಿಸಿ, ಬ್ರಷ್ಷು ತೂರಿಸಿ, ಬೆರಳಿಟ್ಟರೆ ಕೀಚ್ ಎನ್ನುವ ತನಕ ತಿಕ್ಕಿದಳು. ರಬ್ಬರ್ ಕೊಳವೆಯನ್ನೂ ಬಿಡಲಿಲ್ಲ.

"ಈಗ ಕೊಳವೆಯ ಒಂದು ತುದಿ ಬಕೆಟ್ಟಿಗೆ ಬಿಡು, ಕೆಳಗಿನ ಮಡ್ಡಿಗೆ ತಾಗ್ಬಾರ್ದು. ಇನ್ನೊಂದು ತುದಿ ಬಾಯಿಗಿಟ್ಟು ಜೋರಾಗಿ ಎಳಿ."

ಹಿಲ್ಡಾ ಕೊಳವೆಯನ್ನು ಮೇಜಿನ ಮೇಲಿಟ್ಟಳು.

"ಬಾಯಿಗಾ?"

"ಆಮೇಲೆ ಉಗುಳ್ಬಿಡು. ಚಾಪೆಲ್ಲಿನವ್ರಿಗೆ ನಾನೇನೂ ಹೇಳಲ್ಲ."

"ಅವ್ರಿಗೆ ಗೊತ್ತಾಗ್ದಿದ್ರೂ ನಂಗೆ ಗೊತ್ತಾಗುತ್ತಲ್ಲ, ವಿಲ್ಫ್."

ಅವಳು ಟೀ ಮಾಡಿ, ಅವನಿಗೂ ಕೊಟ್ಟು, ಬಕೆಟ್ಟಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಬಟ್ಟೆ ಒಗೆಯುವ ಮಷೀನಿನಲ್ಲಿ ನೀರು ನಿಂತುಹೋದಾಗ ತಾನೇ ಕೊಳವೆಯಿಂದ ಖಾಲಿ ಮಾಡಿದ್ದು ನೆನಪಾಯಿತು. ಕೊಳವೆಯ ತುಂಬ ನಲ್ಲಿ ನೀರು ತುಂಬಿಸಿ, ಎರಡೂ ತುದಿಗೆ ಹೆಬ್ಬೆರಳು ಒತ್ತಿ, ಒಂದನ್ನು ಬಿಯರಿನೊಳಗೆ ಇಳಿಸಿ, ಇನ್ನೊಂದನ್ನು ನೆಲದ ಮೇಲಿನ ಪಾತ್ರೆಗೆ ಬಿಟ್ಟಳು. ಮೊದಲು ನೀರು ಬಂತು, ಹಿಂದೆಯೇ ಕಂದು ಬಿಯರು. ತುದಿಯನ್ನು ಚಿವುಟಿ ಹಿಡಿದು ಬಾಟಲಿಗೆ ದಾಟಿಸಿದಳು.

ಗುಳುಗುಳು ಸದ್ದು ಕೇಳಿ ವಿಲ್ಫ್ ಕೂಗಿದ: "ಎಳೆದ್ಯಾ?"

"ಇಲ್ಲ. ನೀರು ತುಂಬಿ ಬಿಟ್ಟೆ, ಅದೇ ಎಳ್ಕೊಂಡು ಬಂತು. ಅಂದಹಾಗೆ, ಒಂದ್ಸಲ ಶುರುವಾದ್ರೆ ಬರ್ತಾನೇ ಇರುತ್ತಲ್ಲ ಇದು?"

"ಹೂಂ."

"ನೀನು ಬಾಟ್ಲಿ ಬಾಟ್ಲಿಗೂ ಬಾಯಿಡ್ತಿದ್ದೆ."

ವಿಲ್ಫ್ ಸೂರು ನೋಡಿದ. "ಮಧ್ಯೆ ಗಾಳಿ ಸೇರ್ಕೊಳ್ತಿತ್ತು."

"ಎಲ್ಲಿಗೆ, ಹೊಟ್ಟೆಗಾ?"

"ನಗಿಸ್ಬೇಡ್ವೇ, ಸೊಂಟ! ಅಯ್ಯೋ, ಸೊಂಟ!"

ಬಾಟಲಿಗೆ ಅರ್ಧ ಚಮಚದಂತೆ ಸಕ್ಕರೆ ಹಾಕಿ ಅವಳು ಸುತ್ತಿಗೆಯಿಂದ ಮುಚ್ಚಳ ಬಡಿಯುತ್ತಿದ್ದಾಗ, ಹಿತ್ತಲ ಬಾಗಿಲಲ್ಲಿ ಆರ್ಥರ್ ಮೂಗು ತೂರಿಸಿದ.

"ಸಹಾಯ ಏನಾದ್ರೂ ಬೇಕಿತ್ತಾ, ಹಿಲ್ಡಾ? ರುಚಿ ಗಿಚಿ ನೋಡೋದು?"

"ಬಾ, ಬಾ. ಇವನ್ನೆಲ್ಲ ನೆಲಮಾಳಿಗೆಗೆ ಇಳಿಸು," ಎಂದಳು ಸುತ್ತಿಗೆ ಕೆಳಗಿಡದೆ. ಬೆವರು ಸುರಿಸಿ ಇಳಿಸಿದವನಿಗೆ ಟೀ ಕೊಟ್ಟಳು.

ಕ್ಲಬ್ಬಿನ ಊಟದ ಹೊತ್ತಿಗೆ ವಿಲ್ಫ್ ಕೋಲೂರಿ ನಡೆಯುತ್ತಿದ್ದ. ಆರ್ಥರ್ ಗ್ಲಾಸನ್ನು ದೀಪಕ್ಕೆ ಹಿಡಿದು, "ಆ ಕಡೆಯ ಗೋಡೆ ಕಾಣುತ್ತಲ್ಲೋ! ನಿನ್ನ ಬಿಯರು ಯಾವತ್ತಾದ್ರೂ ಹಿಂಗಿತ್ತಾ?" ಎಂದ.

ವಿಲ್ಫ್ ಸುಮ್ಮನಿದ್ದಿದ್ದರೆ ಹೆಸರು ಅವನಿಗೇ ಬರುತ್ತಿತ್ತು. ಅವನು ಕೋಲಿಗೆ ಒರಗಿ ಎದ್ದು ನಿಂತ. "ನಾನು ನೆಲದ್ಮೇಲೆ ಬಿದ್ಕೊಂಡಿದ್ದೆ ಕಣ್ರೋ. ತುಂಬಿದ್ದು ನನ್ನ ಹೆಂಡ್ತಿ."

ಎಲ್ಲರೂ ತಿರುಗಿದರು. ಲೆಮನೇಡು ಹಿಡಿದು ಕೂತಿದ್ದ ಹಿಲ್ಡಾಳ ಕಿವಿ ಕೆಂಪಾಯಿತು. ಕ್ಲಬ್ಬಿನ ಅಧ್ಯಕ್ಷರು ಬೆರಗಿನಿಂದ, "ನೀವು ಕುಡಿಯೋದೇ ಇಲ್ವಲ್ಲಮ್ಮ, ಏನ್ಮಾಡಿದ್ರಿ?" ಎಂದು ಕೇಳಿದರು.

"ತೊಳೆದೆ," ಎಂದಳು ಹಿಲ್ಡಾ.

ಅಂದಿನಿಂದ ಕುದಿಸುವುದು, ಹುದುಗಿಸುವುದು ವಿಲ್ಫ್‌ನ ಕೆಲಸವಾದರೆ ಬಾಟಲಿ ತುಂಬುವುದು ಹಿಲ್ಡಾಳದಾಯಿತು. ಬರಬರುತ್ತ ಬಕೆಟ್ಟಿನ ಮೇಲೆ ಬಗ್ಗಿ ಮೂಸಿ ನೋಡಿ, "ಇನ್ನೆರಡು ದಿನ ಬಿಡು," ಎಂದು ಹೇಳುವಷ್ಟು ಪಳಗಿದಳು. ತುಂಬುವ ದಿನ ಮಾತ್ರ ಗಂಡನನ್ನು ಪಾರಿವಾಳದ ಗೂಡಿನ ಕಡೆಗೆ ಅಟ್ಟಿ, ಕೊಳವೆಗೆ ಬಾಯಿಡುವವರು ಯಾರೂ ನುಗ್ಗದಂತೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು.