ಮೂರು ಗೆರೆಯ ಮೇಲೆ ಕೂತ ಹಿರಿಯರು

ನಮ್ಮ ಭಾಗದಲ್ಲಿ ಯಾರಿಗೇ ವೆಬ್‌ಸೈಟ್ ಮಾಡಿಕೊಡಿ, ಅವರ ಕಣ್ಣಿಗೆ ಅದು ಬಸ್ ನಿಲ್ದಾಣದ ಎದುರು ಕಟ್ಟುವ ಫ್ಲೆಕ್ಸೇ. ಇದನ್ನು ಹೇಳಹೊರಟರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಬರಲಿ ಬಿಡಿ.

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಇದೆ. ಮದುವೆ ಕಾರ್ಡು, ಅಂಗಡಿ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು ಎಲ್ಲ ಮಾಡಿ ಕೈ ಪಳಗಿದ ಮೇಲೆ ವೆಬ್‌ಸೈಟ್ ಕೆಲಸ ಕಲಿತವಳು ನಾನು. ಆದ್ದರಿಂದ ಫ್ಲೆಕ್ಸಿನ ಶಾಸ್ತ್ರವೆಲ್ಲ ನನಗೆ ಬಾಯಿಪಾಠ. ಎಲ್ಲಕ್ಕೂ ಮೇಲೆ ದೇವರು ಮತ್ತು ಸ್ವಾಮಿಗಳು. ಅವರ ಕೆಳಗಿನ ಸಾಲಿನಲ್ಲಿ ಹಿರಿಯರು, ಒಬ್ಬರ ಪಕ್ಕ ಒಬ್ಬರು. ಯಾರ ಮುಖವೂ ಇನ್ನೊಬ್ಬರ ಮುಖಕ್ಕಿಂತ ಕೂದಲೆಳೆಯಷ್ಟೂ ಸಣ್ಣದಾಗಬಾರದು, ತಗ್ಗಿನಲ್ಲಿರಬಾರದು. ಒಬ್ಬರ ರುಮಾಲಿನ ತುದಿ ಪಕ್ಕದವರ ಕಿವಿಗೆ ತಾಗಿತೆಂದು ಇಡೀ ಫ್ಲೆಕ್ಸನ್ನು ಮತ್ತೆ ಪ್ರಿಂಟ್ ಮಾಡಿಸಿದವರಿದ್ದಾರೆ. ಮಾಡಿಸಿಕೊಳ್ಳಲಿ. ಫ್ಲೆಕ್ಸನ್ನು ಜನ ತಲೆ ಎತ್ತಿ ನೋಡಿ ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ. ವೆಬ್‌ಸೈಟಿಗೆ ಬರುವವರು ಏನನ್ನೋ ಹುಡುಕಿಕೊಂಡು ಬಂದಿರುತ್ತಾರೆ. ಈ ವ್ಯತ್ಯಾಸ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಲಿಂಗಸುಗೂರಿನಲ್ಲಿ ಊರ ದೊಡ್ಡವರು ಸೇರಿ ನಡೆಸುವ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗಿಯರಿಗೆ ಅಲ್ಲಿ ಸೀಟು ಸಿಕ್ಕರೆ ಓದು ಮುಂದುವರಿಯುತ್ತದೆ. ಸಿಗದಿದ್ದರೆ ಬಹಳಷ್ಟು ಮಂದಿ ಮನೆಯಲ್ಲೇ ಉಳಿಯುತ್ತಾರೆ. ಈಗೀಗ ಅರ್ಜಿಯನ್ನು ಹಾಸ್ಟೆಲ್ಲಿನ ವೆಬ್‌ಸೈಟಿನಲ್ಲೇ ಹಾಕಬೇಕು ಎಂದು ಮಾಡಿದ್ದಾರೆ. ಆ ಸೈಟನ್ನು ಹಿಂದೆ ಯಾರೋ ಮಾಡಿಕೊಟ್ಟು ಹೋಗಿದ್ದರು. ಈ ಸಲ ಅರ್ಜಿ ಶುರುವಾಗುವ ಮುಂಚೆ ಕಾರ್ಯದರ್ಶಿ ನನಗೆ ಫೋನ್ ಮಾಡಿದರು.

"ತಂಗಿ, ಮೊಬೈಲಿನ್ಯಾಗ ನಮ್ಮ ಸೈಟು ಹೆಂಗ್ಹೆಂಗೋ ಕಾಣಾಕತ್ತೈತಿ. ಮ್ಯಾಲ ಮೂರು ಗೆರಿ ಅದಾವಲ್ಲ, ಅವನ್ನ ಒತ್ತಿದ್ರ ಏನೂ ತೆರಿಯಂಗಿಲ್ಲ. ಜಲ್ದಿ ಬರೋಬರಿ ಮಾಡಿಕೊಡು."

ತೆರೆದು ನೋಡಿದೆ. ಪುಟದ ನೆತ್ತಿಯ ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸಾಲಾಗಿ ಕೂತಿದ್ದರು. ಪಕ್ಕಾ ಫ್ಲೆಕ್ಸ್. ಪುಟದ ಅಗಲವನ್ನು ದೊಡ್ಡ ಕಂಪ್ಯೂಟರ್ ಪರದೆಯ ಲೆಕ್ಕಕ್ಕೆ ಬಿಗಿದಿದ್ದರು. ಫೋನಿನಲ್ಲಿ ಇಬ್ಬರ ಮುಖ ಕಂಡರೆ ಉಳಿದವರು ಪರದೆಯ ಆಚೆಗೆ. ಅವರನ್ನು ನೋಡಬೇಕೆಂದರೆ ಬೆರಳಿನಿಂದ ಅಡ್ಡಡ್ಡ ಎಳೆಯಬೇಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಮುಖಗಳ ಚಿತ್ರದ ಖಾಲಿ ಅಂಚು ಮೆನುವಿನ ಮೂರು ಗೆರೆಗಳ ಮೇಲೆ ಗಾಜಿನಂತೆ ಹಾಸಿಕೊಂಡಿತ್ತು. ಗೆರೆಗಳು ಕಣ್ಣಿಗೆ ಕಾಣುತ್ತವೆ, ಒತ್ತಿದರೆ ಬೆರಳು ತಾಗುವುದು ಚಿತ್ರಕ್ಕೆ. ಆಗ ಮೆನು ತೆರೆಯುವ ಬದಲು ಯಾರಾದರೊಬ್ಬ ಹಿರಿಯರ ಮುಖ ಪರದೆ ತುಂಬ ದೊಡ್ಡದಾಗಿ ಬಂದು ನಿಲ್ಲುತ್ತಿತ್ತು. ಅರ್ಜಿಯ ಕೊಂಡಿ ಇದ್ದದ್ದು ಆ ಮೆನುವಿನ ಒಳಗೆ.

ಸರಿಮಾಡುವುದು ಕಷ್ಟದ ಕೆಲಸವೇನಲ್ಲ. ಬಿಗಿದ ಅಗಲವನ್ನು ಸಡಿಲ ಮಾಡಿದೆ, ಮೆನುವನ್ನು ಎಲ್ಲಕ್ಕೂ ಮುಂದೆ ತಂದೆ. ಫೋನಿನಲ್ಲಿ ಮುಖಗಳು ಪಕ್ಕಪಕ್ಕ ಹಿಡಿಸದಿದ್ದರೆ ಒಂದರ ಕೆಳಗೆ ಒಂದು ಬರುವಂತೆ ಮಾಡಿದೆ. ಅಂಗಡಿಯಲ್ಲಿದ್ದ ಹಳೆಯ ಫೋನು, ಹೊಸ ಫೋನು, ಬಿರುಕು ಬಿಟ್ಟ ಫೋನು ಎಲ್ಲದರಲ್ಲೂ ನೋಡಿದೆ. ಮೂರು ಗೆರೆ ಒತ್ತಿದ ಕೂಡಲೇ ಮೆನು ತೆರೆಯಿತು, ಎಲ್ಲಕ್ಕೂ ಮೊದಲು 'ಅರ್ಜಿ ಹಾಕಿ' ಎಂದು ಬಂತು. ಖುಷಿಯಿಂದ ಚಹಾ ತರಿಸಿಕೊಂಡು ಕುಡಿದೆ.

ಮರುದಿನ ಬೆಳಿಗ್ಗೆಯೇ ಉಪಾಧ್ಯಕ್ಷರ ಫೋನು ಬಂತು.

"ಏನ್ ಬೇ, ನನ್ನ ತಗೊಂಡು ಹೋಗಿ ಅವನ ಕಾಲಬುಡಕ ಹಾಕೀಯಲ್ಲ?"

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಫೋನಿನಲ್ಲಿ ಅಧ್ಯಕ್ಷರ ಮುಖದ ಕೆಳಗೆ ಇವರ ಮುಖ ಬಂದಿದೆ.

"ಸರ, ಅದು ಕಾಲಬುಡ ಅಲ್ರೀ. ಫೋನಿನ ಅಗಲಽ ಅಷ್ಟು ಐತಿ. ಪಕ್ಕಕ್ಕ ಜಾಗ ಸಾಲಂಗಿಲ್ಲ, ಅದಕ್ಕ ಕೆಳಗ ಬರ್ತಾವ."

"ಅದೆಲ್ಲ ನನಗ ಹೇಳಬ್ಯಾಡ. ಮಂದಿ ಅವನ ಮಾರಿ ಪೂರಾ ನೋಡಿ, ಆಮ್ಯಾಲ ಕೆಳಗ ಜಗ್ಗಿ ನನ್ನ ಮಾರಿ ನೋಡಬೇಕೇನು? ನನ್ನ ಇಜ್ಜತ್ತಿನ ಪ್ರಶ್ನೆ ಇದು."

ಮಧ್ಯಾಹ್ನದೊಳಗೆ ಕಾರ್ಯದರ್ಶಿಗಳದ್ದೂ ತಕರಾರು ಬಂತು. ಖಜಾಂಚಿಯಂತೂ ಎಲ್ಲರಿಗಿಂತ ಕೆಳಗೆ, ಹಾಸ್ಟೆಲ್ಲಿನ ಅಡುಗೆಮನೆಯ ಫೋಟೋಕ್ಕೆ ತಾಗಿಕೊಂಡಿದ್ದರು. ಅವರು ನನ್ನೊಡನೆ ಮಾತನ್ನೇ ಬಿಟ್ಟರು. ಫೋನಿನ ಮಟ್ಟಿಗೆ ಮುಖಗಳನ್ನು ಮೇಲೆ ಹಾಕುವುದೇ ಬೇಡ, ನಿಮ್ಮೆಲ್ಲರಿಗೂ ಬೇರೆ ಒಂದು ಪುಟ ಮಾಡಿಕೊಡುತ್ತೇನೆ ಎಂದೆ. ಕಾರ್ಯದರ್ಶಿ, "ಹಾಸ್ಟೆಲ್ ಕಟ್ಟಿದವ್ರು ನಾವು. ನಮ್ಮನ್ನಽ ಹೊರಗ ಹಾಕ್ತೀಯೇನು?" ಎಂದರು. ಹಳೆಯದನ್ನು ಮತ್ತೆ ಹಾಕು ಎಂದಾಗ ನಾನು ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಪಾಸ್‌ವರ್ಡ್ ಅವರ ಹತ್ತಿರವೇ ಇತ್ತು. ಅದನ್ನು ಬದಲಿಸಿ, ಬೇರೆ ಯಾರಿಂದಲೋ ಹಳೆಯ ಪುಟವನ್ನೇ ವಾಪಸು ಹಾಕಿಸಿಕೊಂಡರು. ಆ ವಾರವೇ ಅರ್ಜಿ ಕರೆದರು. ಹಾಳಾಗಿ ಹೋಗಲಿ ಎಂದು ನಾನು ಬೇರೆ ಕೆಲಸ ಹಿಡಿದೆ.

ಹಾಳಾದವರು ಯಾರು ಎಂಬುದು ಗೊತ್ತಾಗಿದ್ದು ಬಸ್ಸಿನಲ್ಲಿ. ಲಿಂಗಸುಗೂರಿನ ಒಂದು ಅಂಗಡಿಯ ಕೆಲಸಕ್ಕೆಂದು ಲ್ಯಾಪ್‌ಟಾಪ್ ಹೊತ್ತುಕೊಂಡು ಹೊರಟಿದ್ದೆ. ಮಸ್ಕಿಯಲ್ಲಿ ಬಸ್ಸಿಗೆ ಮಂದಿ ನುಗ್ಗಿದರು. ಒಬ್ಬ ಹುಡುಗಿ ಅಂಕಪಟ್ಟಿಯ ಫೈಲನ್ನು ಎದೆಗೆ ಒತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ಕೂತವಳೇ ಫೋನ್ ತೆಗೆದು ಪರದೆಯನ್ನು ಅಡ್ಡಡ್ಡ ಎಳೆಯತೊಡಗಿದಳು. ಎಳೆಯುವುದು, ಒತ್ತುವುದು, ಹಿಂದಕ್ಕೆ ಬರುವುದು, ಮತ್ತೆ ಎಳೆಯುವುದು. ಬಗ್ಗಿ ನೋಡಿದೆ. ಆ ಮುಖಗಳನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

"ಏನ್ ಹುಡುಕಾಕತ್ತೀಯವ್ವಾ?"

"ಹಾಸ್ಟೆಲ್ ಅರ್ಜಿ ರೀ ಅಕ್ಕಾರ. ದಿನಾ ನೋಡಾಕತ್ತೀನ್ರೀ, ಸಿಗವಲ್ದು. ನಿನ್ನೆಗೆ ತಾರೀಖು ಮುಗದೈತಂತ. ಅಲ್ಲೇ ಹೋಗಿ ಕೇಳಿಬರ್ತೀನಂತ ಹೊಂಟೀನ್ರಿ."

ಪಾಮನಕಲ್ಲೂರಿನ ಹುಡುಗಿ. ಪಿಯುಸಿ ಪಾಸಾಗಿದ್ದಾಳೆ, ಲಿಂಗಸುಗೂರಿನ ಕಾಲೇಜಿನಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ. ಕ್ಲಾಸು ಮುಗಿಸಿಕೊಂಡು ಮಸ್ಕಿಗೆ ಬರುವಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತದೆ. ಕತ್ತಲಾಗುವ ಹೊತ್ತಿಗೆ ಮಗಳು ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲುವುದು ಅಪ್ಪನಿಗೆ ಬೇಡ. ಹಾಸ್ಟೆಲ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಇಲ್ಲ ಎಂದು ಹೇಳಿಬಿಟ್ಟಿದ್ದಾನೆ. ಇಷ್ಟನ್ನೂ ಆಕೆ ಸಮಾಧಾನದಿಂದಲೇ ಹೇಳಿದಳು. ಆಮೇಲೆ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಅಂದಳು:

"ಎಲ್ಲಾರಿಗೂ ಸಿಕ್ಕಿರತೈತ್ರಿ. ನನಗಽ ಫೋನ್ ನಡಸಾಕ ಬರಂಗಿಲ್ಲ ಕಾಣ್ತೈತಿ."

ಆ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. ಅವರು ತಮ್ಮ ಮುಖ ಹರಡಿಕೊಂಡು ಬಾಗಿಲ ಮೇಲೆ ಕೂತಿದ್ದಾರೆ, ಈ ಹುಡುಗಿ ಬಾಗಿಲು ತೆಗೆಯಲು ತನಗೇ ಬರುವುದಿಲ್ಲ ಅಂದುಕೊಂಡಿದ್ದಾಳೆ. ಅರ್ಜಿ ಪುಟದ ನೇರ ಕೊಂಡಿ ನನಗೆ ನೆನಪಿತ್ತು, ಅದನ್ನು ನನ್ನ ಫೋನಿನಲ್ಲಿ ಒತ್ತಿದೆ. ಅವಧಿ ಮುಗಿದಿದೆ ಎಂದು ಬಂತು. "ನಿನಗ ಬರೋಬರಿ ಬರತೈತಿ. ನಡಿ ನನ್ನ ಕೂಡ" ಎಂದೆ. ಅಂಗಡಿಯ ಕೆಲಸ ಅತ್ತ ಇರಲಿ ಎಂದು ಬಸ್ಸಿಳಿದು ನೇರ ಹಾಸ್ಟೆಲ್ಲಿಗೇ ನಡೆದೆ.

ಆಫೀಸಿನಲ್ಲಿ ಸಭೆ ನಡೆದಿತ್ತು. ಮಿರ್ಚಿ ಭಜಿ, ಚಹಾ. ಗೋಡೆಯ ದೊಡ್ಡ ಟಿವಿಯಲ್ಲಿ ಅದೇ ಸೈಟು, ಎಲ್ಲರ ಮುಖಗಳೂ ಒಂದೇ ಸಾಲಿನಲ್ಲಿ, ಅಂದವಾಗಿ. ವಾರ್ಡನ್ ಮೇಡಂ ಕೋಣೆಗಳು ಇನ್ನೂ ಖಾಲಿ ಬಿದ್ದಿವೆ ಎಂದು ಹೇಳುತ್ತಿದ್ದರು. ನಾವು ಬಾಗಿಲಲ್ಲಿ ನಿಂತಿದ್ದಾಗಲೇ ಅಧ್ಯಕ್ಷರು ತಲೆಯಾಡಿಸುತ್ತ ಅಂದರು:

"ಏನ್ ಮಾಡೋದು? ಈ ಸಲ ಅರ್ಜಿನಽ ಬಂದಿಲ್ಲ. ಹುಡುಗ್ಯಾರಿಗೆ ಓದೋ ಆಸೇನಽ ಹೋಗೈತಿ. ಹೊತ್ತು ಮುಣುಗೋತನ ಮೊಬೈಲ್ ತಿಕ್ಕೋದಽ ಆಗೈತಿ ಅವಕ್ಕ."

ನಾನು ನಮಸ್ಕಾರ ಹೇಳಲಿಲ್ಲ. ಹುಡುಗಿಯ ಕೈಯಿಂದ ಫೋನ್ ಇಸಿದುಕೊಂಡು ಅಧ್ಯಕ್ಷರ ಮುಂದೆ ಭಜಿ ತಟ್ಟೆಯ ಪಕ್ಕ ಇಟ್ಟೆ.

"ಯಜಮಾನ್ರೀ, ಇದ್ರಾಗ ಅರ್ಜಿ ಎಲ್ಲೈತಿ ಹುಡುಕಿಕೊಡ್ರಿ."

ಅವರು ಕನ್ನಡಕ ಏರಿಸಿಕೊಂಡು ಒತ್ತಿದರು. ಅವರದೇ ಮುಖ ದೊಡ್ಡದಾಯಿತು. ಮತ್ತೆ ಒತ್ತಿದರು. ಉಪಾಧ್ಯಕ್ಷರ ಮುಖ ಬಂತು. "ತಾ ಇಲ್ಲಿ" ಎಂದು ಉಪಾಧ್ಯಕ್ಷರು ಕಸಿದುಕೊಂಡರು. ತಮ್ಮ ಮುಖ ಕಾಣುತ್ತಲೇ ಅದನ್ನೇ ಸ್ವಲ್ಪ ಹೊತ್ತು ನೋಡಿ, "ಫೋಟೋ ಚೊಲೋ ಬಂದೈತಿ" ಎಂದರು. ಖಜಾಂಚಿ ನೆಟ್ ಇಲ್ಲವೇನೋ ಎಂದರು. ಫೋನು ಮೇಜನ್ನೆಲ್ಲ ಸುತ್ತಿ ವಾಪಸು ಬಂತು. ಅರ್ಜಿ ಒಬ್ಬರಿಗೂ ಸಿಗಲಿಲ್ಲ. ಕಾರ್ಯದರ್ಶಿ ಮಾತ್ರ ಸೋಲಲಿಲ್ಲ, ಗೋಡೆಯ ಕಡೆ ಕೈ ತೋರಿಸಿದರು.

"ಅಲ್ಲಿ ಟಿವಿಯಾಗ ಚಂದಂಗೆ ಕಾಣಾಕತ್ತೈತಲ್ಲ ತಂಗಿ."

"ಹುಡುಗ್ಯಾರು ಟಿವಿ ಬೆನ್ನಿಗೆ ಕಟ್ಕೊಂಡು ಅಡ್ಡಾಡ್ತಾರೇನ್ರಿ?" ಎಂದು ಕೂಗಿಯೇ ಬಿಟ್ಟೆ. "ಅವರ ಹತ್ರ ಇರೋದು ಇದಽ ಫೋನು. ಇದನ್ನಽ ತಿಕ್ಕಿ ತಿಕ್ಕಿ ನಿಮ್ಮ ಅರ್ಜಿ ಹುಡುಕ್ಯಾರ. ಓದೋ ಆಸೆ ಇಲ್ಲಂತೀರಲ್ಲ, ಈ ಹುಡುಗಿ ದಿನಾ ನಿಮ್ಮ ಮಾರಿ ನೋಡಿ ನೋಡಿ ಸಾಕಾಗ್ಯಾಳ!"

ವಾರ್ಡನ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಹೆದರಿದರೋ ಗೊತ್ತಾಗಲಿಲ್ಲ. ಅಧ್ಯಕ್ಷರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಅವರು ಹುಡುಗಿಯ ಊರು, ಅಪ್ಪನ ಹೆಸರು ಕೇಳಿ, "ಆಯ್ತು, ಈಕಿಗೆ ಸೀಟ್ ಕೊಡ್ರಿ. ತಾರೀಖು ಒಂದು ವಾರ ಮುಂದಕ್ಕ ಹಾಕ್ರಿ" ಎಂದರು. ಕಾರ್ಯದರ್ಶಿ ಮುಖ ಗಂಟಿಕ್ಕಿಕೊಂಡು ಹೊಸ ಪಾಸ್‌ವರ್ಡನ್ನು ನನಗೆ ಹೇಳಿದರು. ನಾನು ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಶಾಲು ಬಂತು. ಎಲ್ಲಿಂದ ಬಂತೋ ದೇವರಿಗೇ ಗೊತ್ತು, ಇಂಥವರ ಆಫೀಸಿನಲ್ಲಿ ಶಾಲೊಂದು ಯಾವಾಗಲೂ ತಯಾರಿರುತ್ತದೆ. ಹುಡುಗಿಗೆ ಅದನ್ನು ಹೊದಿಸಿ ನಡುವೆ ನಿಲ್ಲಿಸಿದರು, ಎರಡೂ ಕಡೆ ತಾವು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಸೀಟಿನ ಪತ್ರ ಕೊಡುವ ಕೈಗಳೇ ನಾಲ್ಕಾರು ಇದ್ದವು. ಶಾಲು ಗದ್ದದ ತನಕ ಬಂದು ಹುಡುಗಿಯ ಮುಖ ಅರ್ಧ ಮುಚ್ಚಿಹೋಗಿತ್ತು. ಫೋಟೋವನ್ನು ನನ್ನ ಫೋನಿಗೆ ಕಳಿಸಿ ಉಪಾಧ್ಯಕ್ಷರು ಮೊದಲ ಸಲ ನನ್ನನ್ನು ನೋಡಿ ನಕ್ಕರು.

"ಇದನ್ನ ಎಲ್ಲಕ್ಕೂ ಮ್ಯಾಲ ಹಾಕು ತಂಗಿ. ಇದ್ರಾಗ ಮ್ಯಾಲ ಕೆಳಗ ಅನ್ನೋ ತಕರಾರಽ ಇಲ್ಲ. ಎಲ್ಲಾರೂ ಒಂದಽ ಸಾಲಿನ್ಯಾಗ ಅದೀವಿ."

ಹೊರಗೆ ಬಂದು ಬಸ್ ನಿಲ್ದಾಣ ಮುಟ್ಟುವ ತನಕ ನಾನು ಅವರೆಲ್ಲರನ್ನೂ ಬಾಯಿಗೆ ಬಂದಂತೆ ಬೈದೆ. ಹುಡುಗಿ ಪಕ್ಕದಲ್ಲಿ ನಡೆದುಬಂದಳು. ಕೈಯಲ್ಲಿ ಸೀಟಿನ ಪತ್ರ ಇದೆ, ಇನ್ನೇನು ಬೇಕು, ಹಿಗ್ಗಿನಲ್ಲಿರಬೇಕು ಅಂದುಕೊಂಡೆ. ಕಲ್ಲುಬೆಂಚಿನ ಮೇಲೆ ಕೂತಾಗ ಕೇಳಿದಳು.

"ಅಕ್ಕಾರ, ಆ ಫೋಟೋ ಖರೇನಽ ಮ್ಯಾಲ ಹಾಕ್ತೀರೇನ್ರೀ?"

"ಹಾಕು ಅಂದಾರ."

"ಬ್ಯಾಡ್ರಿ. ನಮ್ಮೂರಾಗ ನನ್ನ ಗೆಳತ್ಯಾರಿಬ್ಬರು ಇನ್ನಾ ಹುಡುಕಾಕತ್ತಾರ. ಅದು ಮ್ಯಾಲ ಬಂದ್ರ ಅವರಿಗೆ ಅರ್ಜಿ ಕಾಣಂಗಿಲ್ಲ."

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಹಳೆಯ ಪುಟವನ್ನು ಕಿತ್ತುಹಾಕಿ ಸರಿಮಾಡಿದ್ದನ್ನು ಹಾಕಿದೆ, ಅರ್ಜಿಯ ತಾರೀಖನ್ನೂ ಒಂದು ವಾರ ಮುಂದಕ್ಕೆ ಹಾಕಿದೆ. ಈ ಸಲ ಫೋನಿನಲ್ಲಿ ಒಂದು ಮುಖವನ್ನೂ ಮೇಲೆ ಉಳಿಸಲಿಲ್ಲ. ಎಲ್ಲರನ್ನೂ 'ಆಡಳಿತ ಮಂಡಳಿ' ಎಂಬ ಪುಟಕ್ಕೆ ಕಳಿಸಿದೆ. ಹುಡುಗಿ ತನ್ನ ಫೋನಿನಲ್ಲಿ ಮೂರು ಗೆರೆ ಒತ್ತಿದಳು. ಮೆನು ತೆರೆಯಿತು. ಮುಚ್ಚಿ ಇನ್ನೊಮ್ಮೆ ಒತ್ತಿದಳು, ಮತ್ತೆ ತೆರೆಯಿತು. ಆಮೇಲೆ ಗೆಳತಿಯರಿಗೆ ಫೋನ್ ಹಚ್ಚಿ, "ಈಗ ಒತ್ತಿ ನೋಡ್ರಲೇ, ಬರತೈತಿ" ಎಂದು ಸ್ಟ್ಯಾಂಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದಳು.

ಸಂಜೆ ನಾನು ಸಿಂಧನೂರು ಮುಟ್ಟುವ ಮುಂಚೆಯೇ ಕಾರ್ಯದರ್ಶಿಯ ಫೋನು ಬಂತು. ಬಸ್ಸಿನ ಸದ್ದಿನಲ್ಲೂ ಅವರ ಸಿಟ್ಟು ಚೆನ್ನಾಗಿ ಕೇಳಿಸುತ್ತಿತ್ತು.

"ಫೋಟೋ ಎಲ್ಲಿ? ಮ್ಯಾಲ ಏನೂ ಕಾಣವಲ್ದು, ಬರೇ ಅರ್ಜಿ ಕಾಣಾಕತ್ತೈತಿ."

"ಆ ಫೋಟೋದಾಗಿನ ಹುಡುಗಿ ಬ್ಯಾಡ ಅಂದಾಳ್ರಿ."

"ಆಕಿ ಯಾರು ಬ್ಯಾಡ ಅನ್ನಾಕ?"

"ನಿಮ್ಮ ಸೈಟ್ ನೋಡಾಕಿ ಆಕೀನಽ ರೀ. ನೀವು ನೋಡೋದು ಬರೇ ನಿಮ್ಮ ಮಾರಿ."