ಪಾಲಣ್ಣನ ನೀರ ಶಾವಿಗೆ

ರಾಜಮತಿಯ ಅತ್ತೆಗೆ ಹೇಳಲು ಇದ್ದದ್ದು ಒಂದೇ ಕಥೆ. ಕೇಳುವವರಿಗೆ ಮಾತ್ರ ಬರವಿರಲಿಲ್ಲ. ಶಾವಿಗೆ ಹಾಕಿಸಲು ಬಂದ ಅಥಣಿಯ ಹೆಂಗಸರು ಮಷೀನಿನ ಮುಂದೆ ಸರದಿ ಕಾಯಲೇಬೇಕು, ಹಿಟ್ಟು ಬಿಟ್ಟು ಓಡಿಹೋಗಲಾರರು. ಮುದುಕಿ ಗೋಡೆಗೆ ಒರಗಿ ಶುರು ಮಾಡುತ್ತಿದ್ದಳು.

"ನನ್ನ ಶ್ರೇಣಿಕಗ ಹೊಟ್ಟ್ಯಾಗ ಗಂಟ ಆಗಿತ್ತ ನೋಡ್ರಿ. ಕೊಲ್ಲಾಪುರದ ಡಾಕ್ಟರ ಹೇಳಿದಾ, ತತ್ತಿ ತಿನಸ್ರಿ, ಎಲುವಿನ ಸೂಪ ಕುಡಸ್ರಿ, ಮೈಯಾಗ ತ್ರಾಣ ಬರ್ತೈತಿ ಅಂದಾ. ನನ್ನ ಮಗಾ ಏನಂದಾ? ಜೀವ ಹೋದ್ರ ಹೋಗ್ಲಿ, ನೇಮ ಬಿಡಾಂಗಿಲ್ಲ ಅಂದಾ. ಹೌದಲ್ಲ ರಾಜಮತಿ?"

"ಹೌದ್ರಿ ಅತ್ತಿ," ಎನ್ನುತ್ತಿದ್ದಳು ರಾಜಮತಿ, ಮಷೀನಿನ ಮೇಲಿನ ಕೈ ತೆಗೆಯದೆ.

ಏಳು ವರ್ಷದಿಂದ ದಿನಕ್ಕೆ ಎರಡು ಸಲವಾದರೂ ಅವಳು ಈ ಹೌದು ಹೇಳಿದ್ದಳು, ಒಮ್ಮೆಯೂ ಬೇಸರಪಟ್ಟಿರಲಿಲ್ಲ. ಬೇಸರ ಎಲ್ಲಿಂದ ಬರಬೇಕು? ಗಂಡ ಹೋದ, ಅವನ ಕಿರಾಣಿ ಅಂಗಡಿ ಹೋಯಿತು. ಮಗಳು ಅಪೂರ್ವಳನ್ನು ಅಥಣಿಗೆ ಕೊಟ್ಟಿದ್ದರಿಂದ ಅತ್ತೆ ಸೊಸೆ ನಿಪ್ಪಾಣಿ ಹತ್ತಿರದ ಅಕ್ಕೋಳದ ಮನೆಗೆ ಬೀಗ ಹಾಕಿ, ಶಾವಿಗೆ ಮಷೀನನ್ನು ಟೆಂಪೋದಲ್ಲಿ ಹೇರಿಕೊಂಡು ಇಲ್ಲಿಗೆ ಬಂದರು. ಕೈಯಲ್ಲಿ ಉಳಿದದ್ದು ಆ ಒಂದು ಮಾತು. ಸಾಯುವಾಗಲೂ ಶ್ರೇಣಿಕ ನೇಮ ಕೆಡಿಸಿಕೊಳ್ಳಲಿಲ್ಲ. ಬಸದಿಗೆ ಬಂದ ಮುನಿಮಹಾರಾಜರೇ ಪ್ರವಚನದಲ್ಲಿ ಹೆಸರು ಹಿಡಿದು ಹೇಳಿದ್ದರು. ಆ ದಿನ ಹೆಂಗಸರ ಸಾಲಿನಲ್ಲಿ ಕೂತಿದ್ದ ರಾಜಮತಿಗೆ, ವಿಧವೆಯಾದ ಮೇಲೆ ಮೊದಲ ಬಾರಿಗೆ, ತಲೆ ಎತ್ತಿ ಕೂರಬೇಕೆನ್ನಿಸಿತ್ತು.

ಈ ಬೇಸಿಗೆಯಲ್ಲಿ ಹಂಗಾಮು ಜೋರಾಗಿದ್ದಾಗಲೇ ಮಷೀನಿನ ಎಳೆ ಬೀಳುವ ಬಿಲ್ಲೆ ಬಿರುಕು ಬಿಟ್ಟಿತು. ಮಷೀನು ಮಾಡಿಕೊಟ್ಟವನು ಇರುವುದು ನಿಪ್ಪಾಣಿಯಲ್ಲಿ. ಏಳು ವರ್ಷ ಆ ಊರಿನ ಕಡೆ ತಲೆ ಹಾಕಿ ಮಲಗದವಳು ಬಸ್ಸು ಹತ್ತಿದಳು. ಆ ಪುಣ್ಯಾತ್ಮ ಇನ್ನೊಂದು ತಾಸು, ಇನ್ನೊಂದು ತಾಸು ಎನ್ನುತ್ತ ಹೊಸ ಬಿಲ್ಲೆ ಕೈಗಿಟ್ಟಾಗ ಸಂಜೆ ಐದಾಗಿತ್ತು. ಚಿಕ್ಕೋಡಿಯ ಮೇಲೆ ಹಾದು ಅಥಣಿ ಮುಟ್ಟುವಷ್ಟರಲ್ಲಿ ಕತ್ತಲಾಗುವುದು ಖಂಡಿತ. ಹೊತ್ತು ಮುಳುಗಿದ ಮೇಲೆ ರಾಜಮತಿ ಅನ್ನ ಮುಟ್ಟುವವಳಲ್ಲ. ಉಂಡರೆ ಇಲ್ಲೇ ಉಣ್ಣಬೇಕು, ಇಲ್ಲವಾದರೆ ಉಪವಾಸ. ಹೀಗೆಂದುಕೊಂಡಳು, ಆದರೆ ಅದು ನೆಪ. ಬೆಳಿಗ್ಗೆ ಬಸ್ಸು ಹತ್ತುವಾಗಲೇ ನಾಲಿಗೆ ಪಾಲಣ್ಣನ ಹೋಟೆಲ್ಲಿಗೆ ಹೋಗಿ ಕೂತಿತ್ತು.

ಪಾಲಣ್ಣನ ನಿಜವಾದ ಹೆಸರು ಪಾಲ್ದೆನ್. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವನು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುತ್ತಿದ್ದವನು ಆಮೇಲೆ ಹೈವೇ ಹತ್ತಿರ ಎರಡು ಖೋಲಿ ಹಿಡಿದ. ಮುಂದಿನದರಲ್ಲಿ 'ಶುದ್ಧ ಶಾಕಾಹಾರಿ' ಬೋರ್ಡಿನ ಹೋಟೆಲ್ಲು, ಹಿಂದಿನದರಲ್ಲಿ ಸಂಸಾರ. ಅವನು ಮಾಡುವ ಶಾವಿಗೆ ಸಾರಿಗೆ ಇದ್ದ ಥುಕ್ಪಾ ಎಂಬ ಹೆಸರು ನಿಪ್ಪಾಣಿಯವರ ಬಾಯಲ್ಲಿ ತಿರುಗಲಿಲ್ಲ. ಅದಕ್ಕೆ ನೀರ ಶಾವಿಗೆ ಎಂದು ನಾಮಕರಣ ಮಾಡಿದವನು ಶ್ರೇಣಿಕನೇ.

ಕೊಲ್ಲಾಪುರದಲ್ಲಿ ಔಷಧ ಏರಿಸಿಕೊಂಡು ಬರುವ ದಾರಿಯಲ್ಲಿ ಅವನು ಬಸ್ಸಿನ ತುಂಬ ವಾಂತಿ ಮಾಡಿಕೊಂಡಿದ್ದ. ಕೈ ಹಿಡಿದು ನಿಪ್ಪಾಣಿಯಲ್ಲಿ ಇಳಿಸಿದರೆ, ಎದುರಿಗೆ ಒಬ್ಬ ಸಣ್ಣಗಣ್ಣಿನವನು ಹಿಟ್ಟು ಎಳೆದೆಳೆದು ದಾರ ಮಾಡುತ್ತಿದ್ದಾನೆ. ರಾಜಮತಿ ನಿಂತು ನೋಡಿಯೇ ನೋಡಿದಳು. "ಸಾಯಾಕ ಹೊಂಟಾವನ್ನ ಬಿಟ್ಟ ಶಾವಿಗಿ ನೋಡಾಕತ್ತೀಯಲ್ಲ ನೀ," ಎಂದು ಶ್ರೇಣಿಕ ನಕ್ಕಿದ್ದ. ಒಂದು ತಿಂಗಳ ಮೇಲೆ ಬಂದ ನಗು ಅದು. ಪಾಲಣ್ಣ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ನೆಲದೊಳಗೆ ಬೆಳೆಯುವ ಯಾವುದೂ ಇಲ್ಲದೆ ಮಾಡಿಕೊಟ್ಟ. ಶ್ರೇಣಿಕ ಕುಡಿದ, ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು.

ಆಮೇಲೆ ಆಸ್ಪತ್ರೆಗೆ ಹೋದಾಗಲೆಲ್ಲ ಅಲ್ಲಿ ಇಳಿಯುವುದು ಪದ್ಧತಿಯಾಯಿತು. ಸಂಜೆ ಏಳಕ್ಕೆ ತೆರೆಯುವ ಹೋಟೆಲ್ಲಿನ ಒಲೆ, ಹೊತ್ತು ಮುಳುಗುವ ಮೊದಲೇ ಉಣ್ಣುವ ಇವರಿಗಾಗಿ ಐದಕ್ಕೇ ಹೊತ್ತುತ್ತಿತ್ತು. "ಅಂವಾ ಏನ ಹಾಕ್ತಾನೋ ಏನೋ, ಇದೊಂದ ಒಳಗ ನಿಲ್ತೈತಿ," ಎನ್ನುತ್ತಿದ್ದ ಶ್ರೇಣಿಕ. ಅವನು ಅರ್ಧ ಕುಡಿದು ಸರಿಸಿದ ಬಟ್ಟಲನ್ನು ರಾಜಮತಿ ತಳ ಕಾಣುವವರೆಗೆ ಮುಗಿಸುತ್ತಿದ್ದಳು. ಅಂಥ ರುಚಿ ಅವಳು ಮತ್ತೆಲ್ಲೂ ಕಂಡಿರಲಿಲ್ಲ. ನಾಲ್ಕು ತಿಂಗಳು ಹೀಗೆ ನಡೆಯಿತು. ಐದನೆಯ ತಿಂಗಳು ಅವನಿರಲಿಲ್ಲ.

ಈಗ ಪಾಲಣ್ಣನ ಕೂದಲು ಬೆಳ್ಳಗಾಗಿತ್ತು. ನೋಡಿದ್ದೇ ತಡ, ಕೈಯ ಹಿಟ್ಟು ಹಾಗೇ ಬಿಟ್ಟು ಹೊರಗೆ ಬಂದ.

"ವೈನೀ! ಎಷ್ಟ ವರ್ಷ ಆತ್ರಿ! ಬರ್ರಿ, ಬರ್ರಿ. ಅಣ್ಣಾರು ಹೆಂಗದಾರ?"

ಬರಿದಾದ ಕೊರಳು ನೋಡಿ ತಿಳಿದುಕೊಳ್ಳುವ ವಿದ್ಯೆ ಅವನಿಗೆ ಇರಲಿಲ್ಲ. ಆ ಅರಳಿದ ಮುಖದ ಮೇಲೆ ತಣ್ಣೀರು ಹೇಗೆ ಎರಚುವುದು? ಎರಡು ನಿಮಿಷ ಕೂತು ಉಂಡು ಹೋಗುವವಳು ನಾನು ಎಂದುಕೊಂಡಳು.

"ಅರಾಮ ಅದಾರ," ಎಂದಳು.

ಅಂದ ಮೇಲೆ ಅವಳಿಗೇ ಹಿತವೆನ್ನಿಸಿತು. ಶ್ರೇಣಿಕ ಅಥಣಿಯ ಮನೆಯಲ್ಲಿ ಕೂತು, ಇವಳಿನ್ನೂ ಬರಲಿಲ್ಲವಲ್ಲ ಎಂದು ಗೊಣಗುತ್ತಿರಬಹುದು ಎಂಬಂತೆ ಒಂದು ಗಳಿಗೆ ಬದುಕಿದಳು.

ಬಟ್ಟಲು ಬಂತು. ಎಳೆ ಸೊಗಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನೀರು ಮಾತ್ರ ಬರೇ ಉಪ್ಪು ಹಾಕಿದ ಬಿಸಿನೀರು. ಇನ್ನೊಂದು ಚಮಚ ಕುಡಿದಳು. ಏಳು ವರ್ಷ ನಾಲಿಗೆಯ ಮೇಲೆ ಕಾಪಾಡಿಕೊಂಡು ಬಂದದ್ದು ಅದರಲ್ಲಿ ಇರಲಿಲ್ಲ.

"ಪಾಲಣ್ಣಾ, ಮದಲಿನ ರುಚಿ ಇಲ್ಲಲ್ಲೋ ಮಾರಾಯಾ."

ಅವನು ನಗಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು ದನಿ ತಗ್ಗಿಸಿದ.

"ಆ ರುಚಿ ಇದರಾಗ ಬರಾಂಗಿಲ್ರಿ ವೈನಿ. ಇಷ್ಟ ವರ್ಷ ಎದಿಯಾಗ ಇಟಗೊಂಡೇನಿ. ಅಣ್ಣಾರು ಉಳದಾರ ಅಂದ್ರಿ, ಅದಕ್ಕ ಇವತ್ತ ಹೇಳ್ತೇನಿ. ಬೇಕಾದ್ರ ಬೈರಿ. ಹಿಂದಿನ ಖೋಲ್ಯಾಗ ನಮ್ಮ ಮನಿ ಅಡಗಿ ಬ್ಯಾರೆ ಇತ್ತಲ್ರಿ? ನೀವ ಬಂದಾಗೊಮ್ಮೆ ಎಲುವ ಕುದಿಸಿದ ನೀರ ಎರಡ ಸೌಟ ನಿಮ್ಮ ಬಟ್ಟಲದಾಗ ಹಾಕತಿದ್ದೆ. ನಮ್ಮವ್ವ ಬ್ಯಾನಿಯವರಿಗೆ ಅದನ್ನ ಕೊಡತಿದ್ಲು. ಕಣ್ಣ ಮುಂದ ಮನಶ್ಯಾ ಕರಗಾಕತ್ತಿದ್ದಾ, ನೋಡಾಕ ಆಗ್ಲಿಲ್ರಿ. ನಿಮ್ಮ ಧರ್ಮ ಗೊತ್ತಿತ್ತ. ಪಾಪ ನನಗಿರ್ಲಿ ಅಂದೆ. ಜೀವ ಉಳೀತ ನೋಡ್ರಿ."

ರಾಜಮತಿಗೆ, ನೇಮಾನೂ ಹೋತು, ಜೀವಾನೂ ಹೋತಲ್ಲೋ ಪಾಪೀ ಎಂದು ಅವನ ಅಂಗಿ ಹಿಡಿದು ಜಗ್ಗಬೇಕು ಎನ್ನಿಸಿತು. ಆದರೆ ಉಳಿದಿದ್ದಾನೆ ಎಂದವಳು ಅವಳೇ. ಸತ್ತ ಎಂದು ಈಗ ಯಾವ ಬಾಯಿಂದ ಹೇಳಬೇಕು? ಅವನು ಕೈಮುಗಿದುಕೊಂಡು ಕೂತಿದ್ದ, ಕಣ್ಣು ತುಂಬಿತ್ತು. ಈ ಮನುಷ್ಯನನ್ನು ದ್ವೇಷಿಸಲಾದರೂ ಬಂದಿದ್ದರೆ ಒಂದು ಆಸರೆಯಾಗುತ್ತಿತ್ತು. ಅದೂ ಬರಲಿಲ್ಲ. ಚಮಚ ಇಟ್ಟು ಚೀಲ ಎತ್ತಿಕೊಂಡಳು.

"ಬಸ್ಸಿಗೆ ಹೊತ್ತಾತು."

"ಇನ್ನಾ ಹೊತ್ತ ಮುಳುಗಿಲ್ರಿ ವೈನಿ," ಎಂದ ಪಾಲಣ್ಣ ಪಡುವಣಕ್ಕೆ ಕೈ ತೋರಿಸಿ. "ನೆಪ್ಪ ಐತಿ ನನಗ. ಕುಂತ ಉಣ್ರಿ."

ಅವಳು ಆಗಲೇ ರಸ್ತೆಗೆ ಇಳಿದಿದ್ದಳು.

ಬಸ್ಸಿನಲ್ಲಿ ಬಿಲ್ಲೆಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತಿಳಿಯದೆ ಕುಡಿದದ್ದಕ್ಕೆ ದೋಷವಿಲ್ಲ ಎಂದು ಹೇಳಿಕೊಂಡು ನೋಡಿದಳು. ಆ ಮಾತು ಚಿಕ್ಕೋಡಿಯವರೆಗೂ ಬಾಳಲಿಲ್ಲ. ತನ್ನದಾದರೆ ಮುನಿಗಳ ಮುಂದೆ ಅತ್ತು ಪ್ರಾಯಶ್ಚಿತ್ತ ಬೇಡಬಹುದು, ನೂರು ಉಪವಾಸ ಮಾಡಬಹುದು. ಸತ್ತವನ ಹೆಸರಲ್ಲಿ ಯಾರು ಉಪವಾಸ ಮಾಡಬೇಕು, ಯಾರಿಗೆ ಮುಟ್ಟುತ್ತದೆ? ಎಲ್ಲಕ್ಕಿಂತ ಅಸಹ್ಯವಾದದ್ದು ಅವಳ ನಾಲಿಗೆ. ಪರ್ವದ ಉಪವಾಸಗಳಲ್ಲಿ ಕೂಡ ಆ ರುಚಿ ನೆನೆದು ಅದು ನೀರೂರಿಸಿತ್ತು. ಇಂದು ಕೂಡ ಅದನ್ನೇ ಹುಡುಕಿಕೊಂಡು, ಇಲ್ಲವೆಂದು ದೂರಿ, ಬೇಡಿ ತಿಳಿದುಕೊಂಡು ಬಂದಿತ್ತು. ಇಂದು ಅವಳು ಬರದಿದ್ದರೆ ಶ್ರೇಣಿಕ ಶುದ್ಧನಾಗಿಯೇ ಇರುತ್ತಿದ್ದ. ಅವಳಿಗೆ ಅಳು ಬಂತು, ಅತ್ತಳು.

ಮರುದಿನ ಬೆಳಿಗ್ಗೆ ಹೊಸ ಬಿಲ್ಲೆ ಹಾಕಿ ಮಷೀನು ಚಾಲು ಮಾಡಿದಳು. ಪಕ್ಕದ ಸತ್ತಿ ಊರಿನಿಂದ ಬಂದ ಇಬ್ಬರು ಹೆಂಗಸರು ಹಿಟ್ಟಿನ ಬುಟ್ಟಿ ಇಟ್ಟುಕೊಂಡು ಕೂತರು. ಹೊಸ ಗಿರಾಕಿಗಳು, ಕಥೆ ಕೇಳದವರು. ಅತ್ತೆ ಗೋಡೆಗೆ ಒರಗಿದಳು. ಹೊಟ್ಟೆಯ ಗಂಟು ಬಂತು, ಕೊಲ್ಲಾಪುರದ ಡಾಕ್ಟರು ಬಂದ, ತತ್ತಿ ಬಂತು, ಎಲುವಿನ ಸೂಪು ಬಂತು.

"ಜೀವ ಹೋದ್ರ ಹೋಗ್ಲಿ, ನೇಮ ಬಿಡಾಂಗಿಲ್ಲ ಅಂದಾ ನನ್ನ ಮಗಾ. ಹೌದಲ್ಲ ರಾಜಮತಿ?"

ಎಳೆಗಳು ಸಣ್ಣಗೆ, ಒಂದೂ ಹರಿಯದೆ ಇಳಿಯುತ್ತಿದ್ದವು. ರಾಜಮತಿ ಅವುಗಳನ್ನೇ ನೋಡುತ್ತಿದ್ದಳು.

"ಏ ರಾಜಮತೀ, ಕೇಳಸ್ತೇನ? ಹೌದಲ್ಲ?"

"ಹೌದ್ರಿ ಅತ್ತಿ."

ಮುದುಕಿಗೆ ಎಂಬತ್ತೆರಡು. ಒಂದು ಹಲ್ಲೂ ಬಿದ್ದಿರಲಿಲ್ಲ, ಕಿವಿ ಚುರುಕು, ಆಯುಷ್ಯ ಇನ್ನೂ ಗಟ್ಟಿಯಿತ್ತು.